ಹಳೆಯದು ಇನ್ನೂ ಕೆಲಸ ಮಾಡ್ತಿದೆ, ‘ಪರಿಸರಸ್ನೇಹಿ’ ಹೊಸದು ಕೊಳ್ಳಲೇ?

ಪ್ರಶ್ನೆ: ನನ್ನ ಫೋನು, ವಾಷಿಂಗ್ ಮಷೀನು, ಬ್ಯಾಗು ಎಲ್ಲವೂ ಹಳೆಯವು. ಆದರೂ ಕೆಲಸಕ್ಕೆ ಬರುತ್ತಿವೆ. ಈಗ ಎಲ್ಲಿ ನೋಡಿದರೂ ‘ಪರಿಸರಸ್ನೇಹಿ’ ಎಂಬ ಹೊಸ ಮಾಡೆಲ್‌ಗಳೇ. ಹಳೆಯದನ್ನು ಬಿಟ್ಟು ಅವನ್ನು ಕೊಂಡರೆ ಪರಿಸರಕ್ಕೆ ಒಳ್ಳೆಯದೇ? ಅಷ್ಟಕ್ಕೂ ಕಂಪನಿಗಳು ಬದಲಾಗದೆ ನಾವು ಮಾತ್ರ ಬದಲಾದರೆ ಏನು ಪ್ರಯೋಜನ?

ಉತ್ತರ: ಬಹುತೇಕ ವಸ್ತುಗಳ ವಿಷಯದಲ್ಲಿ ನನ್ನ ಉತ್ತರ ನೇರವಾದದ್ದು. ಕೊಳ್ಳಬೇಡಿ, ಇರುವುದನ್ನೇ ಬಳಸಿ. ಕೆಲವಕ್ಕೆ ಮಾತ್ರ ಈ ಮಾತು ಹೊಂದುವುದಿಲ್ಲ. ಅವು ಯಾವುವು ಅಂತ ಹೇಳುತ್ತೇನೆ. ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ, ಯಾಕೆಂದರೆ ಅಲ್ಲಿ ಕಂಪನಿಯ ಕೈಲಿರುವುದು ಬೇರೆ, ನಮ್ಮ ಕೈಲಿರುವುದು ಬೇರೆ.

ಮೊದಲು ಲೆಕ್ಕ ನೋಡೋಣ. ಯಾವುದೇ ವಸ್ತುವಿನಿಂದ ಪರಿಸರಕ್ಕೆ ಬೀಳುವ ಹೊರೆಯಲ್ಲಿ ಒಂದಿಷ್ಟು ಅದು ತಯಾರಾಗುವಾಗಲೇ ಬಿದ್ದಿರುತ್ತದೆ, ಇನ್ನೊಂದಿಷ್ಟು ಬಳಸುವಾಗ ಬೀಳುತ್ತದೆ. ಇವೆರಡರಲ್ಲಿ ಯಾವುದು ಜಾಸ್ತಿ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ.

ಫೋನನ್ನೇ ತೆಗೆದುಕೊಳ್ಳಿ. ಗಣಿಯಿಂದ ತಾಮ್ರ, ಕೋಬಾಲ್ಟ್, ಚಿನ್ನ ತೆಗೆಯಬೇಕು. ಚಿಪ್ ಮಾಡಬೇಕು, ಪರದೆ ಮಾಡಬೇಕು. ಫೋನ್ ಕಂಪನಿಗಳು ತಾವೇ ಪ್ರಕಟಿಸುವ ವರದಿಗಳನ್ನು ನೋಡಿದರೆ, ಒಂದು ಫೋನಿನ ಇಡೀ ಆಯುಷ್ಯದ ಇಂಗಾಲದ ಹೊರೆಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಜಾಸ್ತಿ ತಯಾರಿಕೆಯದ್ದೇ. ಅಂದರೆ ನೀವು ಡಬ್ಬಿ ತೆರೆಯುವ ಮೊದಲೇ ಆಗಬೇಕಾದ ಹಾನಿಯಲ್ಲಿ ಹೆಚ್ಚಿನದು ಆಗಿಹೋಗಿರುತ್ತದೆ. ಚಾರ್ಜ್ ಮಾಡಲು ಹೋಗುವ ಕರೆಂಟು ಅದರ ಮುಂದೆ ತೀರಾ ಕಡಿಮೆ. ಹೊಸ ಮಾಡೆಲ್ ಎಷ್ಟೇ ಕರೆಂಟ್ ಉಳಿಸಿದರೂ ತಯಾರಿಕೆಯ ಲೆಕ್ಕ ತೀರುವುದಿಲ್ಲ. ಎರಡು ವರ್ಷಕ್ಕೆ ಬದಲಿಸುತ್ತಿದ್ದ ಫೋನನ್ನು ನಾಲ್ಕು ವರ್ಷ ಬಳಸಿದರೆ, ವರ್ಷದ ಲೆಕ್ಕಕ್ಕೆ ತಯಾರಿಕೆಯ ಹೊರೆ ಅರ್ಧಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ಇಳಿಕೆಯನ್ನು ಯಾವ ‘ಹಸಿರು’ ಮಾಡೆಲ್ಲೂ ಕೊಡಲಾರದು.

ಹಳೆಯ ತಂತಿ ಬಲ್ಬಿನ ಕಥೆ ಪೂರ್ತಿ ಉಲ್ಟಾ. ಅದನ್ನು ಮಾಡಲು ಹೆಚ್ಚೇನೂ ಬೇಡ, ಆದರೆ ಉರಿಯುವಾಗ ತಿನ್ನುವ ಕರೆಂಟೆಲ್ಲ ಬಹುಪಾಲು ಶಾಖವಾಗಿಯೇ ಹೋಗುತ್ತದೆ. 60 ವ್ಯಾಟಿನ ಬಲ್ಬಿನ ಬೆಳಕನ್ನು ಎಲ್‌ಇಡಿ ಎಂಟೊಂಬತ್ತು ವ್ಯಾಟಿನಲ್ಲಿ ಕೊಡುತ್ತದೆ. ತಂತಿ ಬಲ್ಬನ್ನು ಕೆಡುವವರೆಗೂ ಕಾಯದೆ ಈಗಲೇ ಬದಲಿಸಿ. ತುಂಬಾ ಹಳೆಯ ಫ್ರಿಡ್ಜೂ ಹೀಗೆಯೇ, ಹಗಲು ರಾತ್ರಿ ಓಡುವ ಯಂತ್ರ ಅದು. ಆದರೆ ಹೊಸದು ಬಂದ ಮೇಲೆ ಹಳೆಯದನ್ನು ಇನ್ನೊಂದು ಮೂಲೆಯಲ್ಲಿ ಓಡಿಸುತ್ತಾ ಇಟ್ಟರೆ ಕರೆಂಟಿನ ಖರ್ಚು ಇಳಿಯುವ ಬದಲು ಏರುತ್ತದೆ. ಒಳಗಿನ ತಂಪು ಅನಿಲವನ್ನು ಸರಿಯಾಗಿ ತೆಗೆಸಿಯೇ ವಿಲೇವಾರಿ ಮಾಡಬೇಕು. ಓಜೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆದದ್ದೇ ಇಂಥ ಅನಿಲಗಳಿಂದಾಗಿ.

ವಾಷಿಂಗ್ ಮಷೀನು ಇವೆರಡರ ನಡುವೆ ನಿಲ್ಲುತ್ತದೆ. ಬಿಸಿನೀರಿನಲ್ಲಿ ಒಗೆದರೆ ಅದು ತಿನ್ನುವ ಕರೆಂಟಿನಲ್ಲಿ ಹೆಚ್ಚಿನದು ನೀರು ಕಾಯಿಸಲೇ ಹೋಗುತ್ತದೆ. ಹಳೆಯ ಮಷೀನಿನಲ್ಲೇ ತಣ್ಣೀರಿಗೆ ಬಂದುಬಿಟ್ಟರೆ, ಹೊಸದು ಕೊಟ್ಟೇನೆಂದ ಉಳಿತಾಯದ ಬಹುಭಾಗ ನಿಮಗೆ ಪುಕ್ಕಟೆ ಸಿಗುತ್ತದೆ.

ಇನ್ನು ಬ್ಯಾಗು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹವಾಮಾನದ ಲೆಕ್ಕ ಒಂದನ್ನೇ ನೋಡಿದರೆ, ಹತ್ತಿಯ ಚೀಲವನ್ನು 131 ಸಲ ಬಳಸಿದಾಗ ಮಾತ್ರ ಅದು ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ ಅಂತ ಅದು ಹೇಳಿತು. ಪ್ಲಾಸ್ಟಿಕ್ ಒಳ್ಳೆಯದು ಅಂತ ಇದರ ಅರ್ಥ ಅಲ್ಲ. ಮಣ್ಣಿಗೆ, ಸಮುದ್ರಕ್ಕೆ ಸೇರುವ ಪ್ಲಾಸ್ಟಿಕ್ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಆದರೆ ಸಮಾರಂಭಕ್ಕೊಂದು ಬಟ್ಟೆ ಚೀಲ ಹಂಚುವವರು, ಸಿಕ್ಕ ಚೀಲಗಳನ್ನೆಲ್ಲ ಒಂದರೊಳಗೊಂದು ಮಡಚಿಡುವವರು ಈ ಸಂಖ್ಯೆಯನ್ನು ನೆನಪಿಡಬೇಕು. ಒಂದು ಚೀಲ ಸಾಕು, ಹರಿದರೆ ಹೊಲಿದು ಬಳಸಿ.

‘ಪರಿಸರಸ್ನೇಹಿ’ ಎಂಬ ಚೀಟಿಯ ಬಗ್ಗೆಯೂ ಒಂದು ಮಾತು. ಯಾವುದಕ್ಕೆ ಹೋಲಿಸಿದರೆ, ಎಷ್ಟು ಕಡಿಮೆ, ಯಾರು ಪರೀಕ್ಷಿಸಿದ್ದು ಅಂತ ಹೇಳದ ಚೀಟಿಗೆ ಬೆಲೆ ಕೊಡಬೇಡಿ. ಯುರೋಪಿಯನ್ ಒಕ್ಕೂಟ 2024ರಲ್ಲಿ ಇದಕ್ಕಾಗಿಯೇ ನಿಯಮ ತಂದಿತು. ಪುರಾವೆಯಿಲ್ಲದೆ ಸುಮ್ನೆ ‘ಪರಿಸರಸ್ನೇಹಿ’ ಅಂತ ಬರೆದು ಮಾರುವುದಕ್ಕೆ ಅಲ್ಲಿ 2026ರ ಸೆಪ್ಟೆಂಬರ್ 27ರಿಂದ ನಿಷೇಧ.

ಈಗ ಕಂಪನಿಗಳ ವಿಷಯಕ್ಕೆ ಬರೋಣ. ಒಂದು ವಸ್ತು ಎಷ್ಟು ಕಾಲ ಬಾಳಬಲ್ಲದು ಅನ್ನುವುದು ಅದನ್ನು ರೂಪಿಸುವ ಮೇಜಿನ ಮೇಲೇ ನಿರ್ಧಾರವಾಗುತ್ತದೆ. ಇದು ಹೇಗೆ ಅಂತ ವಾಷಿಂಗ್ ಮಷೀನಿನ ಹೊಟ್ಟೆಯೊಳಗೆ ಇಣುಕಿದರೆ ಚೆನ್ನಾಗಿ ಕಾಣುತ್ತದೆ.

ಮುಂದಿನಿಂದ ಬಟ್ಟೆ ಹಾಕುವ ಮಷೀನಿನಲ್ಲಿ ಡ್ರಮ್ಮು ತಿರುಗುವುದು ಹಿಂಬದಿಯ ಬೇರಿಂಗಿನ ಮೇಲೆ. ಬೇರಿಂಗಿಗೆ ನೀರು ತಾಗದಂತೆ ಒಂದು ರಬ್ಬರ್ ಸೀಲ್ ಇರುತ್ತದೆ. ವರ್ಷಗಳು ಕಳೆದಂತೆ ಸೀಲ್ ಸವೆಯುತ್ತದೆ, ನೀರು ಒಳಗೆ ಜಿನುಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಸ್ಪಿನ್ ಆಗುವಾಗ ಮಷೀನು ಗರಗರ ಅಂತ ಅಬ್ಬರಿಸಲು ಶುರುಮಾಡುತ್ತದೆ. ಕೆಟ್ಟದ್ದು ಸೀಲ್ ಮತ್ತು ಬೇರಿಂಗ್, ಎರಡೂ ಅಗ್ಗದ ಸಾಮಾನು. ಡ್ರಮ್ಮನ್ನು ಸುತ್ತುವರಿದ ಪ್ಲಾಸ್ಟಿಕ್ ತೊಟ್ಟಿಯನ್ನು ಎರಡು ಹೋಳು ಮಾಡಿ ಸ್ಕ್ರೂ ಹಾಕಿ ಜೋಡಿಸಿದ್ದರೆ, ಮೆಕ್ಯಾನಿಕ್ ಅದನ್ನು ಬಿಚ್ಚಿ, ಹಳೆಯ ಬೇರಿಂಗ್ ಬಡಿದು ತೆಗೆದು, ಹೊಸದನ್ನು ಕೂರಿಸಿ ಮುಚ್ಚಿಬಿಡುತ್ತಾರೆ. ಆದರೆ ಈಗ ಎಷ್ಟೋ ಮಾಡೆಲ್‌ಗಳಲ್ಲಿ ಆ ಎರಡು ಹೋಳುಗಳನ್ನು ಕಾಯಿಸಿ ಬೆಸೆದುಬಿಟ್ಟಿರುತ್ತಾರೆ. ಬಿಚ್ಚಲು ಸ್ಕ್ರೂ ಇಲ್ಲ. ಬೇರಿಂಗ್ ಬದಲಿಸಬೇಕೆಂದರೆ ಡ್ರಮ್ಮಿನ ಸಮೇತ ಇಡೀ ತೊಟ್ಟಿಯನ್ನೇ ತರಿಸಬೇಕು. ಅದರ ಬೆಲೆ ಕೇಳಿದವರು ಸಹಜವಾಗಿಯೇ ಹೊಸ ಮಷೀನು ಕೊಳ್ಳುತ್ತಾರೆ. ಮೋಟರು, ಪಂಪು, ಸ್ಟೀಲ್ ಡ್ರಮ್ಮು, ಬಾಗಿಲು ಎಲ್ಲ ಗಟ್ಟಿಮುಟ್ಟಾಗಿದ್ದರೂ ಗುಜರಿಗೆ ಹೋಗುತ್ತವೆ. ನನಗೆ ಸಂಕಟ ಆಗುವುದು ಇಲ್ಲೇ. ಇದರಲ್ಲಿ ಕೊಂಡವರ ತಪ್ಪು ಏನಿದೆ?

ಯುರೋಪಿನಲ್ಲಿ 2021ರಿಂದ, ಒಂದು ಮಾಡೆಲ್ ಮಾರಾಟ ನಿಂತ ಮೇಲೂ ವಾಷಿಂಗ್ ಮಷೀನಿನ ಮುಖ್ಯ ಬಿಡಿಭಾಗಗಳನ್ನು 10 ವರ್ಷ ಒದಗಿಸಲೇಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮವೇ. ಆದರೆ ಡ್ರಮ್ಮು ಮತ್ತು ಬೇರಿಂಗನ್ನು ಬೇರೆ ಬೇರೆಯಾಗಿ ಕೊಡಬಹುದು, ಒಟ್ಟಾಗಿಯೂ ಕೊಡಬಹುದು ಅಂತ ಅದೇ ನಿಯಮ ಹೇಳುತ್ತದೆ. ಬೆಸೆದ ತೊಟ್ಟಿಗೆ ದಾರಿ ಅಲ್ಲೇ ತೆರೆದುಕೊಂಡಿತು. ಬಿಡಿಭಾಗ ಸಿಕ್ಕರೆ ಸಾಲದು, ಬಿಡಿಯಾಗಿಯೇ ಸಿಗಬೇಕು. ಕಟ್ಟುಪಾಡು ಬರೆಯುವವರು ಇಷ್ಟು ಹತ್ತಿರದಿಂದ ನೋಡದಿದ್ದರೆ ಒಳ್ಳೆಯ ಕಾಯ್ದೆಯೂ ಪೂರ್ತಿ ಕೆಲಸ ಮಾಡುವುದಿಲ್ಲ.

ಫೋನಿನ ವಿಷಯದಲ್ಲಿ ಕಾಯ್ದೆಗಳು ಇನ್ನೂ ಚುರುಕಾಗಿವೆ. 2025ರ ಜೂನ್‌ನಿಂದ ಯುರೋಪಿನಲ್ಲಿ ಮಾರುವ ಹೊಸ ಮಾಡೆಲ್ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಕನಿಷ್ಠ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾಡೆಲ್ ನಿಂತ ಮೇಲೂ ಬಿಡಿಭಾಗಗಳು 7 ವರ್ಷ ಸಿಗಬೇಕು, ಸಾಫ್ಟ್‌ವೇರ್ ಅಪ್‌ಡೇಟು ಕನಿಷ್ಠ 5 ವರ್ಷ ಬರಬೇಕು. ಅಪ್‌ಡೇಟಿನ ಈ ಅಂಶ ತುಂಬಾ ಮುಖ್ಯ, ಯಾಕೆಂದರೆ ಎಷ್ಟೋ ಫೋನು ಮೂಲೆ ಸೇರುವುದು ಒಳಗಿನ ಯಂತ್ರ ಕೆಟ್ಟಾಗ ಅಲ್ಲ, ಆ್ಯಪ್‌ಗಳು ಓಡದೆ ಹೋದಾಗ. ಇನ್ನೊಂದು ತೊಡಕು ಇದೆ. ಕೆಲವು ಕಂಪನಿಗಳು ಪರದೆ, ಬ್ಯಾಟರಿಗಳನ್ನು ಆಯಾ ಫೋನಿಗೆ ಸಾಫ್ಟ್‌ವೇರಿನಿಂದಲೇ ಗಂಟು ಹಾಕುತ್ತವೆ. ಬೇರೊಂದು ಫೋನಿನ ಅಸಲಿ ಪರದೆ ತಂದು ಹಾಕಿದರೂ ಎಚ್ಚರಿಕೆ ಸಂದೇಶ ಬರುತ್ತದೆ, ಕೆಲವು ಸೌಲಭ್ಯ ನಿಂತುಹೋಗುತ್ತವೆ. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಇದನ್ನು ತಡೆಯುವ ಕಾಯ್ದೆ ಮಾಡಿತು.

ಬರೀ ಕಾಯ್ದೆಯ ಹೆದರಿಕೆಯಿಂದಲೇ ಕಂಪನಿಗಳು ಬದಲಾಗಬೇಕು ಅಂತೇನೂ ಇಲ್ಲ. ಲಾಭದ ದಾರಿಯನ್ನೇ ಬದಲಿಸಬಹುದು. ಮಾರಿ ಕೈತೊಳೆದುಕೊಳ್ಳುವ ಕಂಪನಿಗೆ ವಸ್ತು ಬೇಗ ಕೆಟ್ಟಷ್ಟೂ ಮುಂದಿನ ವ್ಯಾಪಾರ ಬೇಗ. ವಸ್ತುವನ್ನು ತನ್ನದಾಗಿಯೇ ಇಟ್ಟುಕೊಂಡು ಬಳಕೆಗೆ ದುಡ್ಡು ಪಡೆಯುವ ಕಂಪನಿಗೆ ಅದು ಕೆಡುವುದೇ ನಷ್ಟ. 1959ರಲ್ಲಿ ಬಂದ ಝೆರಾಕ್ಸ್ 914 ಯಂತ್ರ ತುಂಬಾ ದುಬಾರಿಯಾಗಿತ್ತು. ಹಾಗಾಗಿ ಕಂಪನಿ ಅದನ್ನು ಕಚೇರಿಗಳಿಗೆ ಬಾಡಿಗೆಗೆ ಕೊಟ್ಟು, ತಿಂಗಳ ಮಿತಿ ದಾಟಿದ ಮೇಲೆ ಪ್ರತಿಗೆ ಇಷ್ಟು ಅಂತ ಹಣ ಪಡೆಯಿತು. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ವಿಮಾನದ ಎಂಜಿನ್ ನಿರ್ವಹಣೆಗೆ ಹಾರಾಟದ ಗಂಟೆಗೆ ಇಷ್ಟು ಎಂಬ ಲೆಕ್ಕ ತಂದಿತು. ಮುಂದೆ ಆ ಕಂಪನಿಯನ್ನು ಕೊಂಡ ರೋಲ್ಸ್ ರಾಯ್ಸ್ ಆ ಪದ್ಧತಿಯನ್ನು ಬೆಳೆಸಿತು. ಎಂಜಿನ್ ಕೆಟ್ಟು ಹಾರದೆ ನಿಂತಷ್ಟು ಹೊತ್ತು ಕಂಪನಿಯ ಆದಾಯವೂ ನಿಂತಂತೆ. ದೊಡ್ಡ, ಗಟ್ಟಿ ಯಂತ್ರಗಳಿಗೆ ಈ ದಾರಿ ಬಹಳ ಚೆನ್ನಾಗಿ ಹೊಂದುತ್ತದೆ. ಬಟ್ಟೆಯಂಥದ್ದಕ್ಕೆ ಅಷ್ಟು ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ, ಪ್ರತಿ ಸಲ ಸಾಗಿಸಿ ಒಗೆಯುವುದರಲ್ಲೇ ಉಳಿತಾಯ ಕರಗಬಹುದು.

ಮಾರಾಟವಾಗದೆ ಉಳಿದ ಹೊಸ ಮಾಲನ್ನು ನಾಶ ಮಾಡುವುದಂತೂ ನಿಲ್ಲಲೇಬೇಕು. ಫ್ರಾನ್ಸ್ 2020ರ ಕಾಯ್ದೆಯಲ್ಲಿ ಇದನ್ನು ನಿಷೇಧಿಸಿತು. ದೊಡ್ಡ ಕಂಪನಿಗಳು ಉಳಿದ ಬಟ್ಟೆ, ಚಪ್ಪಲಿ, ಶೂಗಳನ್ನು ನಾಶ ಮಾಡದಂತೆ ಯುರೋಪಿಯನ್ ಒಕ್ಕೂಟದ ನಿಷೇಧ 2026ರ ಜುಲೈಯಿಂದ. ಬೇಡಿಕೆ ನೋಡಿಕೊಂಡು ಕಡಿಮೆ ತಯಾರಿಸುವುದು ಇದಕ್ಕಿಂತ ಮೊದಲಿನ ಹೆಜ್ಜೆ.

ಹಾಗಾದರೆ ನಮ್ಮ ಕೈಲಿ ಏನಿದೆ? ಕಂಪನಿ ಹತ್ತು ವರ್ಷ ಬಾಳುವಂತೆ ಮಾಡಿಕೊಟ್ಟ ವಸ್ತು ಹತ್ತು ವರ್ಷ ಬಳಕೆಯಲ್ಲಿ ಇರುತ್ತದೋ ಇಲ್ಲವೋ ಅನ್ನುವುದು ನಮ್ಮ ಕೈಲಿದೆ. ಬಟ್ಟೆಯಲ್ಲಿ ಇದು ತುಂಬಾ ಸ್ಪಷ್ಟ. ಬಟ್ಟೆಯನ್ನು ಇನ್ನೂ ಒಂಬತ್ತು ತಿಂಗಳು ಜಾಸ್ತಿ ತೊಟ್ಟರೆ ಅದರ ಇಂಗಾಲ, ನೀರು, ಕಸದ ಹೊರೆ ಸುಮಾರು ಶೇ 20ರಿಂದ 30ರಷ್ಟು ಇಳಿಯುತ್ತದೆ ಅಂತ ಬ್ರಿಟನ್ನಿನ ‘ರ‍್ಯಾಪ್’ ಸಂಸ್ಥೆ ಲೆಕ್ಕ ಹಾಕಿದೆ. ಜಾಕೆಟ್ಟಿನ ಜಿಪ್ಪು ಕೂರುತ್ತಿಲ್ಲ ಅಂತ ಜಾಕೆಟ್ಟನ್ನೇ ಬಿಟ್ಟುಬಿಡುವವರು ಎಷ್ಟು ಜನ! ಜಿಪ್ಪಿನ ಹಲ್ಲುಗಳನ್ನು ಒಮ್ಮೆ ಸರಿಯಾಗಿ ನೋಡಿ. ಹೆಚ್ಚಿನ ಸಲ ಅವು ನೆಟ್ಟಗೇ ಇರುತ್ತವೆ. ಸವೆದು ಅಗಲವಾಗಿರುವುದು ಮೇಲೆ ಕೆಳಗೆ ಓಡುವ ರನ್ನರ್. ಅದರ ಎರಡೂ ಅಂಚನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿದರೆ ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇಲ್ಲದಿದ್ದರೆ ರನ್ನರ್ ಮಾತ್ರ ಬದಲಿಸಬಹುದು. ದರ್ಜಿಗೆ ಅದು ದೊಡ್ಡ ಕೆಲಸವೇ ಅಲ್ಲ.

ಹೊಸದು ಕೊಳ್ಳಲೇಬೇಕಾದಾಗ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇದು ಕೆಟ್ಟರೆ ಏನು ಮಾಡಬೇಕು ಅಂತ. ಬ್ಯಾಟರಿ ಬದಲಿಸಲು ಆಗುತ್ತದಾ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಫ್ರಾನ್ಸಿನಲ್ಲಿ 2021ರಲ್ಲಿ ಫೋನು, ಲ್ಯಾಪ್‌ಟಾಪು, ಟಿವಿಯಂಥ ವಸ್ತುಗಳ ಮೇಲೆ ‘ರಿಪೇರಿ ಮಾಡುವುದು ಎಷ್ಟು ಸುಲಭ’ ಅನ್ನುವುದಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಬೇಕು ಎಂಬ ನಿಯಮ ಬಂತು. ಬೆಲೆಯ ಪಕ್ಕದಲ್ಲೇ ಆ ಅಂಕ ಕಾಣುವಂತಾಯಿತು. ಅಂಥ ಚೀಟಿ ಇಲ್ಲದ ಕಡೆ ನಾವು ಬಾಯಿಬಿಟ್ಟು ಕೇಳಬೇಕು. ದಿನಕ್ಕೆ ಹತ್ತು ಜನ ಕೇಳಿದರೆ ಆ ಪ್ರಶ್ನೆ ಅಂಗಡಿಯಿಂದ ಕಂಪನಿಗೆ ಹೋಗಿಯೇ ಹೋಗುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ. ನಾವು ರಿಪೇರಿ ಕೇಳದಿದ್ದರೆ ಅವರು ರಿಪೇರಿಗೆ ಬರುವಂಥದ್ದನ್ನು ಮಾಡುವುದಿಲ್ಲ, ಅವರು ಮಾಡದಿದ್ದರೆ ನಾವು ಎಷ್ಟು ಕೇಳಿದರೂ ಮೆಕ್ಯಾನಿಕ್ ಕೈಚೆಲ್ಲುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದೂ ಒಳ್ಳೆಯ ದಾರಿ. ಅಗ್ಗಕ್ಕೆ ಸಿಕ್ಕಿತು ಅಂತ ಒಂದರ ಬದಲು ಮೂರು ತಂದರೆ ಮಾತ್ರ ಉಪಯೋಗವಿಲ್ಲ.

ಮರುಬಳಕೆ ಕಾರ್ಖಾನೆಗೆ ಕೊಟ್ಟರೆ ಆಯಿತಲ್ವಾ ಅಂತ ಬಹಳ ಜನ ಕೇಳುತ್ತಾರೆ. ಕೊಡಬೇಕು, ಆದರೆ ಎಲ್ಲ ಮುಗಿದ ಮೇಲೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಹುಟ್ಟಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಬಟ್ಟೆಯದ್ದು ಇನ್ನೂ ಕಡಿಮೆ. ಹಳೆಯ ಬಟ್ಟೆಯಿಂದ ಮತ್ತೆ ಹೊಸ ಬಟ್ಟೆ ಆಗುವುದು ನೂರಕ್ಕೆ ಒಂದು ಪಾಲೂ ಇಲ್ಲ ಅಂತ ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ 2017ರಲ್ಲಿ ಹೇಳಿತ್ತು.

ಆದ್ದರಿಂದ ನಿಮಗೆ ಬೇಡವಾದ, ಆದರೆ ಚೆನ್ನಾಗಿರುವ ವಸ್ತುವನ್ನು ಬೇಗ ಇನ್ನೊಬ್ಬರಿಗೆ ದಾಟಿಸಿ. ಫೋನಿಗಂತೂ ಇದು ತುಂಬಾ ಮುಖ್ಯ. ಡ್ರಾಯರಿನಲ್ಲಿ ಇಟ್ಟ ಫೋನಿನ ಬ್ಯಾಟರಿ ಸುಮ್ನೆ ಬಿದ್ದಲ್ಲೇ ಸೊರಗುತ್ತದೆ, ಅಪ್‌ಡೇಟಿನ ಅವಧಿಯೂ ಕಳೆಯುತ್ತಾ ಹೋಗುತ್ತದೆ. ಕೊಡುವ ಮುನ್ನ ಫೋಟೊ, ನಂಬರುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ನಿಮ್ಮ ಅಕೌಂಟಿನಿಂದ ಲಾಗ್ ಔಟ್ ಆಗಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಕಳ್ಳತನ ತಡೆಯಲು ಇಟ್ಟಿರುವ ಲಾಕ್ ಹಾಗೇ ಉಳಿಯಬಹುದು. ಮುಂದೆ ಅದನ್ನು ತೆಗೆದುಕೊಂಡವರು ನಿಮ್ಮ ಪಾಸ್‌ವರ್ಡ್ ಇಲ್ಲದೆ ಫೋನ್ ಶುರುಮಾಡಲಾರರು. ಒಂದು ಗೀರೂ ಇಲ್ಲದ ಫೋನುಗಳು ಈ ಒಂದೇ ಕಾರಣಕ್ಕೆ ಗುಜರಿಗೆ ಹೋಗುವುದುಂಟು.