ಆಕ್ಸಿಮೀಟರ್ 86 ತೋರಿಸಿದರೆ ಜೆ96.01 ಹಾಕಬಹುದೇ?

ಕೋವಿಡ್ ಬಂದು ಹೋದ ಮೇಲೆ ನಮ್ಮ ಕಾಸರಗೋಡಿನ ಕಡೆ ಎಷ್ಟೋ ಮನೆಗಳಲ್ಲಿ ಆಕ್ಸಿಮೀಟರ್ ಉಂಟು. 94ರ ಕೆಳಗೆ ಇಳಿದರೆ ಜಾಗ್ರತೆ ಎಂಬುದು ಅಜ್ಜಿಯಂದಿರಿಗೂ ಗೊತ್ತು. ಹಾಗಾಗಿ ಮೆಡಿಕಲ್ ಕೋಡಿಂಗ್ (ಚಾರ್ಟಿನಲ್ಲಿರುವ ರೋಗಕ್ಕೆ ಪಟ್ಟಿಯ ಕೋಡ್ ಕೊಡುವ ಕೆಲಸ) ಕಲಿಯಲು ಬರುವ ಕುಂಬಳೆ, ಬದಿಯಡ್ಕದ ಮಕ್ಕಳಿಗೆ ಈ ಪಾಠ ಸಸಾರ ಅನಿಸುತ್ತದೆ. ರೋಗಿಯ ಚಾರ್ಟಿನಲ್ಲಿ 86 ಕಂಡ ಕೂಡಲೇ ಕೈ ಜೆ96.01ರ ಕಡೆ, ಅಂದರೆ ಆಕ್ಸಿಜನ್ ಕಮ್ಮಿಯಾಗಿ ಉಸಿರಾಟ ದಿಢೀರ್ ಸೋತಿದೆ ಎನ್ನುವ ಕೋಡಿನ ಕಡೆ ಓಡುತ್ತದೆ. ಬೇಡ ಎಂದರೆ ಕೇಳುತ್ತಾರೆ: “ಟೀಚರ್, ಆಕ್ಸಿಜನ್ ಇಷ್ಟು ಕಮ್ಮಿ ಉಂಟಲ್ಲ, ಇನ್ನೇನು ಬೇಕು?”

ಡಾಕ್ಟರು ಬರೆದಿರಬೇಕು. ಅಷ್ಟೇ.

ನಾವು ಇಲ್ಲಿ ಕೂತು ನೋಡುವುದು ಹೆಚ್ಚಾಗಿ ಅಮೆರಿಕದ ಆಸ್ಪತ್ರೆಗಳ ಚಾರ್ಟ್. ಅಲ್ಲಿ 2015ರ ಅಕ್ಟೋಬರ್ 1ರಿಂದ ಐಸಿಡಿ-10-ಸಿಎಂ ಎಂಬ ರೋಗಗಳ ಕೋಡ್ ಪಟ್ಟಿ ಜಾರಿಯಲ್ಲಿದೆ. ನರ್ಸ್ ಬರೆದ ರೀಡಿಂಗ್ ನೋಡಿಯೋ ಲ್ಯಾಬ್ ರಿಪೋರ್ಟ್ ನೋಡಿಯೋ ಕೋಡರ್ ತಾನೇ ರೋಗ ತೀರ್ಮಾನಿಸುವ ಹಾಗಿಲ್ಲ. ಡಾಕ್ಟರು ‘ಹೈಪಾಕ್ಸೀಮಿಯಾ’ ಎಂದಷ್ಟೇ ಬರೆದಿದ್ದರೆ ಆರ್09.02. ಅದು ಲಕ್ಷಣದ ಕೋಡ್. ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಇದೆ ಎನ್ನುತ್ತದೆ, ಅದಕ್ಕಿಂತ ಹೆಚ್ಚು ಏನೂ ಹೇಳುವುದಿಲ್ಲ. ‘ಅಕ್ಯೂಟ್ ರೆಸ್ಪಿರೇಟರಿ ಫೇಲ್ಯೂರ್ ವಿತ್ ಹೈಪಾಕ್ಸಿಯಾ’ ಎಂದು ಬರೆದರೆ ಮಾತ್ರ ಜೆ96.01. ಆಗ ಆರ್09.02 ಅನ್ನು ಜೊತೆಗೆ ಸೇರಿಸಬೇಡಿ. ಲಕ್ಷಣ ರೋಗದೊಳಗೇ ಬಂದಾಯಿತಲ್ಲ.

ಫೇಲ್ಯೂರ್ ಎನ್ನಲು ಡಾಕ್ಟರು ಏನು ನೋಡುತ್ತಾರೆ ಎಂಬುದು ಕೋಡರ್‌ಗೂ ಗೊತ್ತಿರಬೇಕು. ಸಾಮಾನ್ಯವಾಗಿ ಹಿಡಿಯುವ ಗೆರೆ, ರೂಮ್ ಏರ್‌ನಲ್ಲಿ (ಆಕ್ಸಿಜನ್ ಹಾಕದೆ, ಬರೀ ಗಾಳಿಯಲ್ಲಿ) ಪಿಎಒ2, ಅಂದರೆ ಅಪಧಮನಿಯ ರಕ್ತದಲ್ಲಿ ಆಕ್ಸಿಜನ್ನಿನ ಒತ್ತಡ, 60ಕ್ಕಿಂತ ಕೆಳಗೆ. ಬೆರಳಿನ ಆಕ್ಸಿಮೀಟರಿನಲ್ಲಿ ಅದು ಹೆಚ್ಚುಕಮ್ಮಿ 90ಕ್ಕೆ ಸಮ. ಆಕ್ಸಿಜನ್ ಹಾಕಿದ ಮೇಲೆ ರಕ್ತ ತೆಗೆದಿದ್ದರೆ ಪಿಎಒ2ವನ್ನು ಒಳಗೆ ಹೋಗುವ ಆಕ್ಸಿಜನ್ನಿನ ಪಾಲಿನಿಂದ ಭಾಗಿಸುತ್ತಾರೆ. ಮೂಗಿನ ನಳಿಗೆಯಲ್ಲಿ 2 ಲೀಟರ್ ಎಂದರೆ ಸುಮಾರು ಶೇ. 28. ಪಿಎಒ2 70 ಇದ್ದರೆ 70ನ್ನು 0.28ರಿಂದ ಭಾಗಿಸಿ: 250. ಇಲ್ಲಿ ಗೆರೆ 300, ಇದು ಅದಕ್ಕಿಂತ ಕಮ್ಮಿ. ಅಂದರೆ ಮೇಲ್ನೋಟಕ್ಕೆ 70 ಚೆನ್ನಾಗಿ ಕಂಡರೂ ಶ್ವಾಸಕೋಶ ಸೋತಿದೆ. ಮನೆಯಲ್ಲೂ ಆಕ್ಸಿಜನ್ ಮೇಲೇ ಇರುವವರಿಗೆ ಈ ಲೆಕ್ಕ ಹಿಡಿಯಬಾರದು, ಅವರದ್ದು ಮೊದಲೇ ಕೆಳಗಿರುತ್ತದೆ. ಅವರಲ್ಲಿ ಎಂದಿನ ಪಿಎಒ2ಗಿಂತ 10 ಇಳಿದಿದೆಯೇ ಎಂದು ನೋಡುತ್ತಾರೆ.

ಅಂಕಿ ಒಂದೇ ಸಾಲದು. ಉಸಿರಿಗೆ ಪರದಾಡುತ್ತಿದ್ದರೇ? ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿತ್ತೇ? ಕುತ್ತಿಗೆಯ ಸ್ನಾಯು ಎಳೆಯುತ್ತಿತ್ತೇ? ನಿಮಿಷಕ್ಕೆ ಎಷ್ಟು ಉಸಿರು? ಈ ಸಾಲುಗಳು ಎಮರ್ಜೆನ್ಸಿ ನೋಟಿನಲ್ಲಿ ಇರುತ್ತವೆ, ಡಿಸ್ಚಾರ್ಜ್ ಸಮ್ಮರಿಗೆ ಬರುವಷ್ಟರಲ್ಲಿ ಮಾಯ!

ಪಾಠಕ್ಕೆಂದು ನಾನೇ ಕಟ್ಟಿದ ಒಂದು ಚಾರ್ಟ್ ನೋಡಿ. 72 ವರ್ಷದ ಹೆಂಗಸು, ಸಿಒಪಿಡಿ (ಶ್ವಾಸನಾಳ ಕಟ್ಟಿಕೊಳ್ಳುವ ದೀರ್ಘಕಾಲದ ಕಾಯಿಲೆ), ಮನೆಯಲ್ಲಿ 2 ಲೀಟರ್ ಆಕ್ಸಿಜನ್. ಬಂದಾಗ ಅದೇ 2 ಲೀಟರಿನಲ್ಲಿ ರೀಡಿಂಗ್ 84. ಉಸಿರು ನಿಮಿಷಕ್ಕೆ 32, ಮಾತು ಎರಡೆರಡೇ ಪದ. ರಕ್ತದ ಪಿಎಚ್ 7.28, ಆಮ್ಲದ ಕಡೆ ವಾಲಿದೆ; ಕಾರ್ಬನ್ ಡೈಆಕ್ಸೈಡ್ 68, ಜಾಸ್ತಿ. ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಡುವ ಯಂತ್ರ) ಹಾಕಿದ್ದಾರೆ. ಕೊನೆಗೆ ಸಮ್ಮರಿಯಲ್ಲಿ ಡಾಕ್ಟರು ಬರೆದದ್ದು: ‘ಸಿಒಪಿಡಿ ಎಕ್ಸಾಸರ್ಬೇಶನ್, ಹೈಪಾಕ್ಸೀಮಿಯಾ’.

ಇದ್ದದ್ದನ್ನೇ ಕೋಡ್ ಮಾಡಿದರೆ ಸಿಒಪಿಡಿ ಉಲ್ಬಣಿಸಿದ್ದಕ್ಕೆ (ಎಕ್ಸಾಸರ್ಬೇಶನ್) ಜೆ44.1, ಹೈಪಾಕ್ಸೀಮಿಯಾಕ್ಕೆ ಆರ್09.02, ಮನೆಯ ಆಕ್ಸಿಜನ್ನಿಗೆ ಝಡ್99.81. ಡಿಆರ್‌ಜಿ, ಅಂದರೆ ಆಸ್ಪತ್ರೆಗೆ ಹಣ ಕೊಡಲು ರೋಗಿಯನ್ನು ಸೇರಿಸುವ ಗುಂಪು, 192. ಬೈಪ್ಯಾಪ್ ಹಾಕಿಸಿಕೊಂಡ ರೋಗಿ ದಾಖಲೆಯಲ್ಲಿ ಸಣ್ಣಪುಟ್ಟ ದಮ್ಮಿನವರ ಸಾಲಿಗೆ ಸೇರಿಬಿಟ್ಟರು. ನಿಜಕ್ಕೂ ಅವರಿಗೆ ಇದ್ದದ್ದು ಹಳೆಯ ಫೇಲ್ಯೂರ್ ಮೇಲೆ ಹೊಸ ಫೇಲ್ಯೂರ್ ಇರಬಹುದು: ಹೈಪಾಕ್ಸಿಯಾಕ್ಕೆ ಜೆ96.21, ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕೆ ಜೆ96.22, ಎರಡೂ. ಅದು ಎರಡನೇ ಸಾಲಿನಲ್ಲಿ, ಸಿಒಪಿಡಿಯ ಕೆಳಗೆ ಕೂತರೆ ಡಿಆರ್‌ಜಿ 190, ಗಂಭೀರ ಸಿಒಪಿಡಿಯವರ ಗುಂಪು. ದಾಖಲಾಗಲು ಅದೇ ಮುಖ್ಯ ಕಾರಣ ಎಂದಾದರೆ ಮೊದಲ ಸಾಲಿಗೂ ಬರಬಹುದು, ಆಗ 189, ರೆಸ್ಪಿರೇಟರಿ ಫೇಲ್ಯೂರಿನ ಗುಂಪು.

“ಇರಬಹುದು” ಎಂದೆ ನೋಡಿ. ಅದನ್ನು ಹೇಳಬೇಕಾದವರು ಡಾಕ್ಟರು. ನಾವು ಕಳಿಸುವುದು ಕ್ವೆರಿ, ಅಂದರೆ ಡಾಕ್ಟರಿಗೆ ಬರೆದು ಕೇಳುವ ಪ್ರಶ್ನೆ. “ಇದು ಅಕ್ಯೂಟ್ ಫೇಲ್ಯೂರ್ ಅಲ್ವಾ, ದಯವಿಟ್ಟು ಬರೆಯಿರಿ” ಎಂದು ಕೇಳುವುದು ತಪ್ಪು, ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. 84, 32, 7.28, 68, ಬೈಪ್ಯಾಪ್ ಎಲ್ಲವನ್ನೂ ಇದ್ದ ಹಾಗೇ ಬರೆದು, ಇದರ ಹಿಂದಿನ ರೋಗನಿರ್ಣಯ ಏನು ಎಂದು ಕೇಳಬೇಕು. ಆಯ್ಕೆಗಳ ನಡುವೆ ‘ಬೇರೆ’, ‘ಹೇಳಲಾಗುವುದಿಲ್ಲ’ ಎಂಬುವೂ ಇರಬೇಕು. ದುಡ್ಡಿನ ಸುದ್ದಿ ಎತ್ತಲೇಬಾರದು.

ಇದರ ಉಲ್ಟಾ ಕೇಸುಗಳೂ ಬರುತ್ತವೆ, ನನಗೆ ಜಾಸ್ತಿ ಸಿಟ್ಟು ಬರುವುದು ಅವುಗಳ ಮೇಲೆ. ರೂಮ್ ಏರ್‌ನಲ್ಲಿ 93, ‘ಆರಾಮವಾಗಿ ಮಾತಾಡುತ್ತಿದ್ದಾರೆ’ ಎಂಬ ನೋಟ್, ಸುಮ್ನೆ 2 ಲೀಟರ್ ಹಾಕಿದ್ದಾರೆ. ಸಮ್ಮರಿಯಲ್ಲಿ ಮಾತ್ರ ‘ಅಕ್ಯೂಟ್ ರೆಸ್ಪಿರೇಟರಿ ಫೇಲ್ಯೂರ್’! ಡಾಕ್ಟರು ಬರೆದರೆ ಕೋಡ್ ಕೊಡಬಹುದು ಎನ್ನುತ್ತದೆ ನಿಯಮ. ಆದರೆ ವಿಮೆ ಕಂಪನಿಯ ಆಡಿಟರ್ ಮೊದಲು ಕೈ ಹಾಕುವುದೇ ಇಂಥ ಚಾರ್ಟಿಗೆ. ಇಲ್ಲೂ ಕ್ವೆರಿ ಹೋಗಬೇಕು, ಆಧಾರ ಏನು ಎಂದು ಕೇಳಿ. ಕೋಡ್ ಏರಿಸುವಾಗ ಇರುವ ಉತ್ಸಾಹ ಇಳಿಸುವಾಗಲೂ ಇದ್ದರೆ ಕೋಡರ್ ಮಾತಿಗೆ ಬೆಲೆ.

ಇನ್ನೊಂದು ವಿಷಯ, ಊರಿನ ಆಸ್ಪತ್ರೆಗಳ ರೆಕಾರ್ಡ್ ವಿಭಾಗದಲ್ಲಿ ಕೆಲಸಕ್ಕೆ ಸೇರುವವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಬೇರೆ, ಅಮೆರಿಕದ ಐಸಿಡಿ-10-ಸಿಎಂ ಬೇರೆ. ಜೆ96.0 ಎರಡರಲ್ಲೂ ಅಕ್ಯೂಟ್ ಫೇಲ್ಯೂರೇ. ಆದರೆ ಕೊನೆಯ ಅಂಕಿಯಲ್ಲಿ, ಸಂಸ್ಥೆಯ ಪಟ್ಟಿಯ ಪ್ರಕಾರ 0 ಎಂದರೆ ಟೈಪ್ 1, ಹೈಪಾಕ್ಸಿಕ್; 1 ಎಂದರೆ ಟೈಪ್ 2, ಕಾರ್ಬನ್ ಡೈಆಕ್ಸೈಡ್ ಏರಿದ್ದು. ಅಮೆರಿಕದಲ್ಲಿ 0 ಎಂದರೆ ಯಾವುದೆಂದು ಹೇಳಿಲ್ಲ, 1 ಎಂದರೆ ಹೈಪಾಕ್ಸಿಯಾ. ಅಂದರೆ ಜೆ96.01 ಅಲ್ಲೊಂದು ರೋಗ, ಇಲ್ಲೊಂದು ರೋಗ. ನಮ್ಮ ಡಾಕ್ಟರುಗಳು ‘ಟೈಪ್ 1 ರೆಸ್ಪಿರೇಟರಿ ಫೇಲ್ಯೂರ್’ ಎಂದು ಬರೆಯುವುದೇ ಹೆಚ್ಚು. ಆ 1 ನೋಡಿ ಕೊನೆಗೆ 1 ಕುಟ್ಟಬೇಡಿ. ನಿಮ್ಮ ಸಾಫ್ಟ್‌ವೇರಿನಲ್ಲಿ ಇರುವುದು ಯಾವ ಪಟ್ಟಿ ಎಂದು ಸೇರಿದ ದಿನವೇ ಕೇಳಿ ಇಟ್ಟುಕೊಳ್ಳಿ.