ಪಶ್ಚಿಮ ಸಹಾರಾದ ಡೊಮೇನ್ ಯಾವುದು? ಉತ್ತರ ಇದೆ, ವೆಬ್‌ಸೈಟ್ ಇಲ್ಲ

‘ಪಶ್ಚಿಮ ಸಹಾರಾದ ಕಂಟ್ರಿ ಕೋಡ್ ಡೊಮೇನ್ (ವೆಬ್ ವಿಳಾಸದ ಕೊನೆಗೆ ಬರುವ ಎರಡಕ್ಷರ) ಯಾವುದು?’ ಅಂತ ಕೇಳಿದರೆ ಟಿಕ್ ಹಾಕಬೇಕಾದದ್ದು ‘ಡಾಟ್ ಇಎಚ್’ಗೆ. ಆಯ್ಕೆಗಳಲ್ಲಿ ‘ಡಾಟ್ ಡಬ್ಲ್ಯುಎಸ್’ ಇದ್ದರೆ ಹುಷಾರು. ವೆಸ್ಟರ್ನ್ ಸಹಾರಾ ಅಂದುಕೊಂಡು ನಾನು ಮೊದಲ ಸಲ ಅಲ್ಲೇ ಬಿದ್ದೆ. ಅದು ಸಮೋವಾದ್ದು, ಆ ದೇಶದ ಹಳೆಯ ಹೆಸರು ವೆಸ್ಟರ್ನ್ ಸಮೋವಾ.

ಹಾಗಾದರೆ ಇಎಚ್ ಎಲ್ಲಿಂದ ಬಂತು? ವಾಯವ್ಯ ಆಫ್ರಿಕಾದ ಈ ಜಾಗ ಸ್ಪೇನಿನ ವಸಾಹತಾಗಿತ್ತು. ಸ್ಪ್ಯಾನಿಷ್‌ನಲ್ಲಿ ಇದನ್ನು ‘ಸಹಾರಾ ಎಸ್ಪಾನ್ಯೋಲ್’ ಅನ್ನುತ್ತಿದ್ದರು. ಎಸ್ಪಾನ್ಯೋಲ್‌ನ ಇ, ಸಹಾರಾದ ಎಚ್. ಸ್ಪೇನ್ ಹೊರಟು ಐವತ್ತು ವರ್ಷವಾಯಿತು, ಕೋಡ್‌ನಲ್ಲಿ ಮಾತ್ರ ಇನ್ನೂ ಉಳಿದಿದೆ.

ಜಗಳ ಏನು? 1976ರಲ್ಲಿ ಸ್ಪೇನ್ ಜಾಗ ಖಾಲಿ ಮಾಡಿತು. ಮೊರಾಕೊ ‘ಇದು ನಮ್ಮದು’ ಅಂದಿತು. ಸ್ಥಳೀಯ ಸಹ್ರಾವಿ ಜನರ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಪೊಲಿಸಾರಿಯೊ ಫ್ರಂಟ್ ಅದೇ ವರ್ಷ ಫೆಬ್ರವರಿ 27ರಂದು ಸಹ್ರಾವಿ ಗಣರಾಜ್ಯವನ್ನು ಘೋಷಿಸಿತು. ಇವತ್ತು ಹೆಚ್ಚಿನ ಭಾಗ ಮೊರಾಕೊ ಕೈಯಲ್ಲಿದೆ. ನಡುವೆ ಸುಮಾರು 2,700 ಕಿ.ಮೀ. ಉದ್ದದ ಮರಳಿನ ದಿಬ್ಬ, ಅದರಾಚೆ ಪೊಲಿಸಾರಿಯೊ. (ಭಾರತ 1985ರಲ್ಲಿ ಸಹ್ರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟು 2000ದಲ್ಲಿ ವಾಪಸ್ ಪಡೆಯಿತು. ಇದನ್ನೂ ಬರೆದಿಟ್ಟುಕೊಳ್ಳಿ.)

ಈಗ ಮುಖ್ಯ ವಿಷಯ. ಡಾಟ್ ಇಎಚ್‌ನಲ್ಲಿ ಒಂದೇ ಒಂದು ವೆಬ್‌ಸೈಟ್ ಕೂಡ ಇಲ್ಲ. ಯಾಕೆ ಅಂತ ತಿಳಿಯಬೇಕಾದರೆ ಎರಡು ಬಾಗಿಲು ನೆನಪಿಡಿ. ಮೊದಲನೆಯದು ಐಎಸ್ಒ 3166 ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ದೇಶ-ಪ್ರದೇಶಗಳ ಕೋಡ್ ಪಟ್ಟಿ. ಎರಡಕ್ಷರದ ಕೋಡ್ ಸಿಗುವುದು ಅಲ್ಲಿ. ಎರಡನೆಯದು ಇಂಟರ್ನೆಟ್‌ನ ರೂಟ್ ಝೋನ್, ಅಂದರೆ ಚಾಲ್ತಿಯಲ್ಲಿರುವ ಡೊಮೇನ್‌ಗಳ ಮೂಲ ಪಟ್ಟಿ. ಅಲ್ಲಿ ಹೆಸರು ಸೇರಬೇಕಾದರೆ ಆ ಡೊಮೇನನ್ನು ನಡೆಸಲು ಒಬ್ಬ ಮ್ಯಾನೇಜರ್ ಬೇಕು, ಸ್ಥಳೀಯರ ಒಪ್ಪಿಗೆಯೂ ಬೇಕು. ಯಾವುದು ದೇಶ, ಯಾವುದು ಅಲ್ಲ ಅಂತ ತೀರ್ಮಾನಿಸುವುದು ತಮ್ಮ ಕೆಲಸವಲ್ಲ ಎಂದು ಆಗ ಡೊಮೇನ್ ಹಂಚಿಕೆ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ 1994ರಲ್ಲೇ ಬರೆದಿಟ್ಟರು. ಜಾಣ ನಡೆ. ತಲೆನೋವನ್ನು ಐಎಸ್ಒ ಪಟ್ಟಿಗೆ ದಾಟಿಸಿದರು.

ಪಶ್ಚಿಮ ಸಹಾರಾ ಮೊದಲ ಬಾಗಿಲು ದಾಟಿದೆ, ಎರಡನೆಯದರಲ್ಲಿ ಸಿಕ್ಕಿಕೊಂಡಿದೆ. ಡಾಟ್ ಇಎಚ್ ಬೇಕೆಂದು ಪೈಪೋಟಿಯಲ್ಲಿ ಎರಡು ಅರ್ಜಿ ಬಂದವು. ನೀವಿಬ್ಬರೂ ಒಪ್ಪಂದಕ್ಕೆ ಬರುವವರೆಗೆ ಯಾರಿಗೂ ಕೊಡುವುದಿಲ್ಲ ಅಂತ ಈಗ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ 2007ರಲ್ಲಿ ಕೈ ತೊಳೆದುಕೊಂಡಿತು. ರೂಟ್ ಝೋನ್ ಪಟ್ಟಿ ತೆರೆದು ನೋಡಿ: ಭಾರತದ ಡಾಟ್ ಇನ್, ಮೊರಾಕೊದ ಡಾಟ್ ಎಂಎ ಎಲ್ಲದರ ಮುಂದೆ ನಡೆಸುವವರ ಹೆಸರಿರುತ್ತದೆ. ಇಎಚ್ ಮುಂದೆ ‘ಯಾರಿಗೂ ಕೊಟ್ಟಿಲ್ಲ’ ಅಂತಷ್ಟೇ. ಆದರೆ ಹಾಗೆ ಬರೆದಿದ್ದಕ್ಕೆಲ್ಲ ಜಗಳವೇ ಕಾರಣ ಅಂದುಕೊಳ್ಳಬೇಡಿ. ಫ್ರಾನ್ಸಿನ ಸೇಂಟ್ ಬಾರ್ತೆಲೆಮಿಯ ಡಾಟ್ ಬಿಎಲ್ ಮುಂದೆಯೂ ಅದೇ ಇದೆ.

ಹೀಗಾಗಿ ಮೊರಾಕೊ ಕಡೆಯವರು ಡಾಟ್ ಎಂಎ ಬಳಸುತ್ತಾರೆ. ಸಹ್ರಾವಿ ಸುದ್ದಿಸಂಸ್ಥೆಯ ತಾಣ ಡಾಟ್ ಇನ್ಫೋದಲ್ಲಿದೆ.

ವಿವಾದ ಇದ್ದರೆ ಡೊಮೇನ್ ಸಿಗುವುದೇ ಇಲ್ಲ ಅಂತೇನೂ ಅಲ್ಲ. ಪೂರ್ವ ಟಿಮೋರ್ ಇಂಡೋನೇಷ್ಯಾದ ಹಿಡಿತದಲ್ಲಿದ್ದಾಗಲೇ, 1997ರಲ್ಲಿ, ಡಾಟ್ ಟಿಪಿ ಶುರುವಾಯಿತು. ನಡೆಸಿದ್ದು ಐರ್ಲೆಂಡಿನ ಕಂಪನಿ! ಪ್ಯಾಲೆಸ್ಟೀನ್ ಕೋಡ್ 1999ರಲ್ಲಿ ಪಟ್ಟಿಗೆ ಸೇರಿತು, ಮರುವರ್ಷವೇ ಡಾಟ್ ಪಿಎಸ್ ಬಂತು. ಅಲ್ಲಿ ವಿವಾದ ಕಮ್ಮಿ ಇತ್ತಾ?

ಸರ್ಬಿಯಾದಿಂದ ಬೇರೆಯಾದ ಕೊಸೊವೊ ಕಥೆ ಉಲ್ಟಾ. ಅದು ಮೊದಲ ಬಾಗಿಲನ್ನೇ ದಾಟಿಲ್ಲ. ಜನ ಬಳಸುವ ‘ಎಕ್ಸ್‌ಕೆ’ ಅಧಿಕೃತ ಕೋಡ್ ಅಲ್ಲ. ಎಕ್ಸ್‌ನಿಂದ ಶುರುವಾಗುವ ಕೋಡ್‌ಗಳನ್ನು ಬೇಕಾದವರು ಬೇಕಾದಂತೆ ಬಳಸಿಕೊಳ್ಳಲಿ ಅಂತ ಐಎಸ್ಒ ಬಿಟ್ಟಿದೆ. ಫೋನ್‌ಗೆ +383 ಸಿಕ್ಕಿದೆ, ಡೊಮೇನ್ ಸಿಕ್ಕಿಲ್ಲ. ಅದಕ್ಕೇ ಅಲ್ಲಿನ ಸರ್ಕಾರಿ ತಾಣಗಳ ವಿಳಾಸ ‘ಆರ್‌ಕೆಎಸ್-ಗವ್ ಡಾಟ್ ನೆಟ್’ ಅಂತ ಕೊನೆಯಾಗುತ್ತದೆ.