ಪದ ಪರಿಚಯ: ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್

ಯಾದಗಿರಿ, ಜೇವರ್ಗಿ ಕಡೆಯಿಂದ ಕಲಬುರಗಿಯ ಹೃದ್ರೋಗ ತಜ್ಞರ ಬಳಿಗೆ ಬಂದವರ ಇಸಿಜಿ ಪಟ್ಟಿಯಲ್ಲಿ ‘ಎಲ್‌ಬಿಬಿಬಿ’ (ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್) ಎಂದು ಬರೆದಿದ್ದರೆ, ಮನೆಯವರ ಮೊದಲ ಪ್ರಶ್ನೆ ‘ಸ್ಟೆಂಟ್ ಹಾಕಬೇಕೇನ್ರಿ?’ ಎಂಬುದಾಗಿರುತ್ತದೆ. ಗೊಂದಲ ಹುಟ್ಟಿಸುವುದು ಬ್ಲಾಕ್ ಎಂಬ ಪದವೇ. ಆಡುಮಾತಿನಲ್ಲಿ ಅದು ರಕ್ತನಾಳದ ಅಡಚಣೆ. ಇಲ್ಲಿ ತಡೆ ಬಿದ್ದಿರುವುದು ರಕ್ತಕ್ಕಲ್ಲ, ವಿದ್ಯುತ್ ಸಂಕೇತಕ್ಕೆ.

ಬಲ ಹೃತ್ಕರ್ಣದಲ್ಲಿ ಹುಟ್ಟುವ ಸಂಕೇತವು ‘ಹಿಸ್’ ಎಂಬ ತಂತುಕಟ್ಟಿನ ಮೂಲಕ ಇಳಿದು, ಬಲ ಮತ್ತು ಎಡ ಎಂದು ಎರಡು ಕವಲಾಗಿ ಹೃತ್ಕುಕ್ಷಿಗಳನ್ನು ಏಕಕಾಲಕ್ಕೆ ಕುಗ್ಗಿಸುತ್ತದೆ. ನಾರಾಯಣಪುರದ ಎಡದಂಡೆ ಕಾಲುವೆಯ ಆಸುಪಾಸಿನವರಿಗೆ ಮುಂದಿನದನ್ನು ಹೇಳುವುದು ಸುಲಭ: ಕಾಲುವೆ ಕಟ್ಟಿಕೊಂಡರೆ ನೀರು ಹೊಲದಿಂದ ಹೊಲಕ್ಕೆ ಹಾಯ್ದು ಕೊನೆಯಂಚಿಗೆ ತಡವಾಗಿ ಮುಟ್ಟುವಂತೆ, ಎಡ ಕವಲು ಕೆಟ್ಟಾಗ ಸಂಕೇತ ಬಲಗಡೆಯಿಂದ ಸ್ನಾಯುವನ್ನೇ ದಾಟಿಕೊಂಡು ಎಡ ಹೃತ್ಕುಕ್ಷಿಯ ಹೊರಗೋಡೆಯನ್ನು ತಡವಾಗಿ ತಲುಪುತ್ತದೆ. ಇಸಿಜಿಯಲ್ಲಿ ಹೃತ್ಕುಕ್ಷಿಗಳಿಗೆ ಸಂಕೇತ ಹರಡುವುದನ್ನು ತೋರುವ ಕ್ಯೂಆರ್‌ಎಸ್ ಅಲೆ 120 ಮಿಲಿಸೆಕೆಂಡು, ಅಂದರೆ ಮೂರು ಚಿಕ್ಕ ಚೌಕ, ಅಥವಾ ಅದಕ್ಕೂ ಹೆಚ್ಚು ಅಗಲವಾಗುವುದು ಇದರಿಂದಲೇ.

ಕಾರಣಗಳಲ್ಲಿ ಬಹುಕಾಲದ ರಕ್ತದೊತ್ತಡ, ಹೃದಯಾಘಾತ, ಹಿಗ್ಗಿದ ಹೃದಯಸ್ನಾಯು, ಅಯೋರ್ಟಿಕ್ ಕವಾಟದ ಕಿರಿದಾಗುವಿಕೆ ಮುಖ್ಯವಾದವು. ವಯಸ್ಸಾದಂತೆ ತಂತುಗಳೇ ಗಟ್ಟಿಯಾಗುವುದೂ ಉಂಟು. ಕವಾಟದ ಚಿಕಿತ್ಸೆಯ ನಂತರವೂ ಇದು ಕಾಣಿಸಬಹುದು.

ಕೆಲವರಲ್ಲಿ ಹೃದಯ ಬೇರೆಲ್ಲ ರೀತಿಯಲ್ಲಿ ಚೆನ್ನಾಗಿರುತ್ತದೆ. ಇಸಿಜಿ ತೆಗೆಸದಿದ್ದರೆ ವಿಷಯವೇ ತಿಳಿಯುತ್ತಿರಲಿಲ್ಲ. ಆದ್ದರಿಂದ ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆ ಇಲ್ಲದೆ ಈ ಪದವೊಂದರಿಂದಲೇ ತೀರ್ಮಾನಕ್ಕೆ ಬರುವುದು ನನಗೆ ಸರಿಯೆನಿಸುವುದಿಲ್ಲ. ಇನ್ನು ಕೆಲವರಲ್ಲಿ ಎರಡು ಹೃತ್ಕುಕ್ಷಿಗಳ ನಡುಗೋಡೆ ಮೊದಲು ಕುಗ್ಗಿ, ಹೊರಗೋಡೆ ಕುಗ್ಗುವ ಹೊತ್ತಿಗೆ ಅದು ಸಡಿಲಗೊಂಡಿದ್ದರೆ, ಎರಡು ಎತ್ತುಗಳು ಬೇರೆ ಬೇರೆ ಹೆಜ್ಜೆಯಲ್ಲಿ ನೊಗ ಎಳೆದಂತಾಗಿ ಶ್ರಮ ವ್ಯರ್ಥವಾಗುತ್ತದೆ. ವರ್ಷಗಳಲ್ಲಿ ಪಂಪು ಮಾಡುವ ಶಕ್ತಿಯೇ ಕುಂದಬಹುದು. ಔಷಧಿ ಪಡೆದರೂ ದಮ್ಮು ಉಳಿದು, ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಮಿಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು) ಶೇ. 35ಕ್ಕಿಂತ ಮೇಲೇಳದೆ, ಕ್ಯೂಆರ್‌ಎಸ್ 150 ಮಿಲಿಸೆಕೆಂಡು ಮುಟ್ಟಿದವರಿಗೆ ಎರಡೂ ಕುಕ್ಷಿಗಳನ್ನು ಹೊಂದಿಸಿ ಮಿಡಿಸುವ ಪೇಸ್‌ಮೇಕರ್ ಹೆಚ್ಚು ನೆರವಾಗುತ್ತದೆ.

ಈ ಬ್ಲಾಕ್ ಇದ್ದವರಲ್ಲಿ ಹೃದಯಾಘಾತದ ಗುರುತುಗಳು ಇಸಿಜಿಯಲ್ಲಿ ಮರೆಯಾಗುತ್ತವೆ. ಎದೆನೋವು ಬಂದಾಗ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಹಳೆಯ ಇಸಿಜಿ ಪಟ್ಟಿ ಕೈಗೆ ಸಿಗುವಂತಿದ್ದರೆ ಜೊತೆಗೆ ಒಯ್ಯಬೇಕು, ಏಕೆಂದರೆ ಬ್ಲಾಕ್ ಹಳೆಯದೋ ಹೊಸದೋ ಎಂಬುದನ್ನು ವೈದ್ಯರು ಅದರಿಂದಲೇ ಅರಿಯುತ್ತಾರೆ.